ಪಾಂಡವರಿಗೆ ಕಿತ್ತ ಕಲ್ಲು

ಹೋದ ವಾರ ಬೆಳಿಗ್ಗೆ ನಮ್ಮ ಓಣಿಗೆ ತಂಬಾಕು ಹುರಿಯುವ ವಾಸನೆ ಬಂತು. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗಾಗುವತನಕ ಹುರಿದು, ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ, ಅದರಿಂದ ಹಲ್ಲುಜ್ಜುತ್ತಾರೆ. ಮಶೇರಿ ಅನ್ನುತ್ತೇವೆ. ನನ್ನ ವಯಸ್ಸಿನ ನಿಪ್ಪಾಣಿ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಲೆಯ ಪ್ಲಾಟಿನಲ್ಲಿ ದೊಡ್ಡದೊಂದು ಮನೆ ಏಳುತ್ತಿದೆ. ಅಲ್ಲಿ ತಗಡಿನ ಶೆಡ್ಡಿನಲ್ಲಿರುವ ಗೌಂಡಿಯ ಹೆಂಡತಿ ಹುರಿಯುತ್ತಿದ್ದಳು.

ಸೊಸೆ ಬಂದು ಕಿಟಕಿ ಮುಚ್ಚಿದಳು. ನಾನು ತೆಗೆದೆ. ಅವಳು ಮತ್ತೆ ಮುಚ್ಚಿದಳು.

"ಅತ್ತಿ, ಆ ಘಾಟಿಗೆ ನಿಮಗ ಕೆಮ್ಮ ಬರತೈತಿ."

ಆ ಘಾಟಿಗೆ ನನಗೆ ಕೆಮ್ಮು ಬರುವುದಿಲ್ಲ. ಒಬ್ಬ ಹೆಂಗಸಿನ ನೆನಪು ಬರುತ್ತದೆ. ಕೆಮ್ಮಾದರೆ ಬಿಸಿನೀರು ಕುಡಿದರೆ ಹೋಗುತ್ತದೆ.

ಅವಳು ನಮ್ಮ ಎದುರುಮನೆಯವಳು. ನಾನು ಅವಳನ್ನು ಅಕ್ಕಾ ಅನ್ನುತ್ತಿದ್ದೆ, ಅವಳು ನನಗೆ ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದಳು. ಹೆಸರು ಬರೆಯುವುದಿಲ್ಲ. ಆ ಹೆಸರನ್ನು ನಾನು ಒಮ್ಮೆ ನಾಲ್ಕು ಜನರ ಮುಂದೆ ಕೆಡಿಸಿದ್ದೇನೆ, ಅಷ್ಟು ಸಾಕು.

ಈಗ ನಮ್ಮ ಕಾಲೋನಿಗೆ ಬಂದವರಿಗೆ ಸಿಮೆಂಟಿನ ಕಮಾನು ಕಾಣುತ್ತದೆ, ಕೆಂಪು ಕಲ್ಲು ಹಾಸಿದ ರಸ್ತೆ ಕಾಣುತ್ತದೆ, ಗೇಟಿಗೊಂದು ನಾಯಿ ಕಾಣುತ್ತದೆ. ನಾವು ಬಂದಾಗ ಇದು ತಂಬಾಕಿನ ಹೊಲ. ಮಾಲಕ ಹೊಲವನ್ನು ಪ್ಲಾಟು ಮಾಡಿ ಮಾರಿದ್ದ. ಪ್ಲಾಟು ಅಂದರೆ ಏನು, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ತಲೆಗೆ ಸುಣ್ಣ ಬಳಿದು, ಸುಣ್ಣದ ಮೇಲೆ ಕರಿ ಬಣ್ಣದಲ್ಲಿ ನಂಬರು ಬರೆದಿದ್ದ. ಆ ಕಲ್ಲು ಬಿಟ್ಟರೆ ಯಾವುದು ಯಾರದು ಎಂದು ಹೇಳುವುದಕ್ಕೆ ಬೇರೇನೂ ಇರಲಿಲ್ಲ. ತಂಬಾಕಿನ ಕೂಳೆ ಅಲ್ಲಲ್ಲಿ ಚಿಗುರುತ್ತಿತ್ತು. ಮಳೆಗಾಲದಲ್ಲಿ ಎರೆಮಣ್ಣು ಮೊಣಕಾಲಿನತನಕ ಹಿಡಿಯುತ್ತಿತ್ತು. ಒಂದು ಚಪ್ಪಲಿ ಕೆಸರಲ್ಲಿ ಬಿಟ್ಟು ಇನ್ನೊಂದನ್ನು ಕೈಯಲ್ಲಿ ಹಿಡಿದು ಮನೆಗೆ ಬರುವುದೇ ನಮ್ಮ ರೂಢಿ.

ನಾವು ಬೇಡಕಿಹಾಳದ ಕಡೆಯವರು. ಅಣ್ಣತಮ್ಮಂದಿರು ಪಾಲಾದಾಗ ನನ್ನ ಗಂಡನ ಪಾಲಿಗೆ ಬಂದ ತುಂಡು ಹೊಲ ಮಾರಿ ಈ ಪ್ಲಾಟು ಹಿಡಿದೆವು. ಗಂಡನಿಗೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ. ಅವನಿಗೆ ಹೊಲ ಹೋದದ್ದು ಏನೂ ಅನ್ನಿಸಲಿಲ್ಲ, ಕಾಲಿಗೆ ಬೂಟು ಬಂತಲ್ಲ, ಅಷ್ಟಕ್ಕೇ ಖುಷಿ. ನನಗೆ ಅನ್ನಿಸಿತು. ನಾನು ಕಲಿತದ್ದು ನಾಲ್ಕನೆಯ ಇಯತ್ತೆ, ಆದರೆ ಹೊಲದ ಕೆಲಸದಲ್ಲಿ ನನ್ನನ್ನು ಮೀರಿಸುವವರು ಆ ಮನೆಯಲ್ಲಿ ಇರಲಿಲ್ಲ. ಅಂಥವಳು ನಾಲ್ಕು ಕಲ್ಲಿನ ನಡುವೆ ಬಂದು ಕುಳಿತೆ.

ಇಡೀ ಹೊಲಕ್ಕೆ ಮೊದಲ ಮನೆ ನಮ್ಮದು. ಆಮೇಲೆ ಶಾಲೆಯ ಮಾಸ್ತರರದ್ದು. ಆಮೇಲೆ ಇನ್ನೆರಡು. ಅವಳು ಎದುರಿನ ಪ್ಲಾಟು ಕೊಂಡಿದ್ದಳು, ಮನೆ ಇನ್ನೂ ಕಟ್ಟಿರಲಿಲ್ಲ. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳು. ಊರೊಳಗೆ ಬಾಡಿಗೆ ಖೋಲಿ. ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ತಂಬಾಕು ಸಾಣಿಸುವ ಕೆಲಸ. ರಜೆಯ ದಿನ ನಡೆದುಕೊಂಡು ಬಂದು ತನ್ನ ಪ್ಲಾಟು ನೋಡಿಕೊಂಡು ಹೋಗುತ್ತಿದ್ದಳು. ಏನು ನೋಡುತ್ತಿದ್ದಳೋ... ಬರೀ ಮಣ್ಣು. ನಾಲ್ಕೂ ಕಲ್ಲಿನ ಹತ್ತಿರ ಹೋಗಿ, ಸೆರಗಿನಿಂದ ಅವುಗಳ ತಲೆ ಒರೆಸಿ, ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದಳು. ಅವಳ ಸೀರೆಯಿಂದ ಬರುವ ಘಾಟಿಗೆ ನನ್ನ ಮಕ್ಕಳಿಬ್ಬರೂ ಸೀನುತ್ತಿದ್ದರು.

"ನೋಡ್ರಿ ವೈನಿ, ನಾ ಬಂದೇನಂತ ನಿಮ್ಮ ಹುಡುಗರಿಗೆ ನನಕಿಂತ ಮೊದಲ ಗೊತ್ತಾಕ್ಕೈತಿ," ಎಂದು ನಗುತ್ತಿದ್ದಳು.

ಮಶೇರಿ ಹುರಿಯಲು ನನಗೆ ಕಲಿಸಿದವಳೂ ಅವಳೇ. ಎಲೆ ಸುಡಬಾರದು, ಕರ್ರಗಾಗಬೇಕು, ಎರಡಕ್ಕೂ ಫರಕು ಇದೆ ಅನ್ನುತ್ತಿದ್ದಳು. ಚಟ ಕಲಿಸಿದಳು ಎಂದು ನನ್ನ ಅತ್ತೆ ಬೈಯುತ್ತಿದ್ದಳು. ಅತ್ತೆಗೆ ಬೇರೆ ಕಾರಣವೂ ಇತ್ತು. ಅಕ್ಕನ ಮನೆಯವರು ಬೌದ್ಧರು. ಅವಳ ಅಪ್ಪನ ಕಾಲದಲ್ಲೇ ಮನೆಯ ದೇವರನ್ನೆಲ್ಲ ಬುಟ್ಟಿಗೆ ಹಾಕಿ ಹೊಳೆಗೆ ಬಿಟ್ಟು ಬಂದಿದ್ದರು. ಅವಳು ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದಳು, ಒಳಗೆ ಕರೆಯುವ ಪದ್ಧತಿ ಇರಲಿಲ್ಲ. ನಾನೂ ಕರೆಯಲಿಲ್ಲ. ಅತ್ತೆಯ ಮೇಲೆ ಹಾಕಿ ನಾನು ಪಾರಾಗುವುದು ಬೇಡ. ಅತ್ತೆ ಮನೆಯಲ್ಲಿ ಇಲ್ಲದ ದಿನವೂ ಕರೆಯಲಿಲ್ಲ.

ಆ ವರ್ಷದ ಶೀಗಿ ಹುಣ್ಣಿಮೆ ಬಂತು. ಒಕ್ಕಲುತನದವರಿಗೆ ಅದು ಹೊಲದ ಹಬ್ಬ. ಹೊಲದಲ್ಲಿ ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರು ಎಂದು ಪೂಜೆ ಮಾಡುತ್ತೇವೆ. ಕಡಬು, ಪುಂಡಿಪಲ್ಯ, ಸಜ್ಜಿರೊಟ್ಟಿ ಎಡೆ ಹಿಡಿದು, ಅದನ್ನೇ ಚರಗ ಎಂದು ಹೊಲದ ತುಂಬ ಚೆಲ್ಲುತ್ತೇವೆ. ಗಂಡ ಹೇಳಿದ, ಹೊಲವೇ ಇಲ್ಲದ ಮೇಲೆ ಎಂಥಾ ಚರಗ, ಸುಮ್ಮನೆ ಕಡಬು ಮಾಡು, ತಿನ್ನೋಣ ಎಂದು. ನನಗೆ ಹಟ ಬಂತು. ಕಾಲೋನಿಯ ತುದಿಗೆ ಬಯಲು ಜಾಗದಲ್ಲಿ ಒಂದು ಬನ್ನಿಗಿಡ ಇತ್ತು. ಗಿಡ ಇದೆ, ಮಣ್ಣು ಇದೆ, ಇನ್ನು ಪಾಂಡವರು ಐದು ಮಂದಿ ಬೇಕು. ಎರೆಹೊಲದಲ್ಲಿ ಕಲ್ಲು ಎಲ್ಲಿ ಸಿಗುತ್ತವೆ? ಕಣ್ಣೆದುರಿಗೇ ಸುಣ್ಣ ಹಚ್ಚಿದ ಕಲ್ಲು ಸಾಲಾಗಿ ನಿಂತಿದ್ದವು.

ಹೊಲ ಮಾಡಿದವಳಿಗೇ ಇಂಥ ಬುದ್ಧಿ ಬರುವುದು. ಸುಣ್ಣ ಹಚ್ಚಿದ ಕಲ್ಲು ಕಂಡರೆ ನನಗೆ ಪಾಂಡವರು ಕಂಡರು. ನಂಬರು ನನ್ನ ಕಣ್ಣಿಗೆ ಬೀಳಲಿಲ್ಲ.

ಹಾರೆ ಹಿಡಿದು ನಾಲ್ಕು ಕಲ್ಲು ಕಿತ್ತೆ. ಐದನೆಯದನ್ನು ಕೀಳುವಾಗ ಅವಳು ಬಂದಳು. ಹಬ್ಬಕ್ಕೆ ವಖಾರ ಬಂದ್ ಇತ್ತು, ಪ್ಲಾಟು ನೋಡಲು ಬಂದಿದ್ದಳು.

"ವೈನಿ, ವೈನಿ! ಅದು ನನ್ನ ಹದ್ದಿನ ಕಲ್ಲರಿ!"

"ಸಂಜಿಕ ಮತ್ತ ಹುಗೀತೀನಿ ತಗೋ ಅಕ್ಕಾ. ನಿನ್ನ ಕಲ್ಲ ಧರ್ಮರಾಯ ಆಗಾಕತ್ತೈತಿ, ನಿನಗ ಪುಣ್ಯ ಬರತೈತಿ."

"ನಿಮ್ಮ ಧರ್ಮರಾಯ ಭೂಮಿ ಕಳಕೊಂಡ ಅಡವಿಗೆ ಹೋದಾಂವ ಅಂತಲ್ಲರಿ. ನನ್ನ ಭೂಮೀನೂ ಕಳದ ನನ್ನೂ ಅಡವಿಗೆ ಕಳಸ್ತೀರೇನ?"

ಇಬ್ಬರೂ ನಕ್ಕೆವು. ಆಗ ಅದು ನಗುವ ಮಾತೇ ಆಗಿತ್ತು. ಅವಳೇ ಆ ಐದನೆಯ ಕಲ್ಲಿನ ಒಂದು ಬದಿ ಹಿಡಿದು ಬನ್ನಿಗಿಡದತನಕ ಹೊತ್ತು ತಂದಳು. ಪೂಜೆಗೆ ನಿಲ್ಲಲಿಲ್ಲ, ದೂರ ಕೂತಿದ್ದಳು. ನಾನು ಕಡಬು ಕೊಟ್ಟೆ, ತಿಂದಳು. ಹೂರಣಕ್ಕೆ ಏಲಕ್ಕಿ ಕಡಿಮೆಯಾಗಿದೆ ಎಂದಳು. ಕಡಿಮೆಯಾಗಿತ್ತು.

ಸಂಜೆಗೆ ಮಳೆ ಬಂತು. ಅವಳು ಹೋಗಿಯಾಗಿತ್ತು. ನಾನು ಗೋಣಿಚೀಲ ತಲೆಗೆ ಹಾಕಿಕೊಂಡು ಕಲ್ಲು ತಿರುಗಿ ಹುಗಿಯಲು ಹೋದೆ. ಕಿತ್ತ ಕುಣಿಗಳಲ್ಲಿ ನೀರು ತುಂಬಿ, ಬದಿ ಕುಸಿದು, ಎಲ್ಲ ಕೆಸರು ಒಂದೇ ಆಗಿತ್ತು. ನಾಲ್ಕನ್ನು ಹೇಗೋ ಹೊಂದಿಸಿದೆ. ಅವಳ ಕಲ್ಲಿನ ಕುಣಿ ಸಿಗಲಿಲ್ಲ. ಎಲ್ಲಿ ಮಣ್ಣು ಮೆತ್ತಗೆ ಹತ್ತಿತೋ ಅಲ್ಲಿ ಹುಗಿದೆ. ಹುಗಿದು, ಕಾಲಿಂದ ತುಳಿದು, ಮನೆಗೆ ಬಂದು ತಲೆ ಒರೆಸಿಕೊಂಡೆ. ಅಷ್ಟೇ. ಆ ರಾತ್ರಿ ನನಗೆ ಚೆನ್ನಾಗಿಯೇ ನಿದ್ದೆ ಬಂತು.

ಮರುವರ್ಷ ಅವಳು ಮನೆ ಕಟ್ಟಲು ಹಿಡಿದಳು. ಒಂದು ಖೋಲಿ, ಮಗ್ಗುಲಲ್ಲಿ ಒಂದು ಅಡಿಗೆಮನೆ. ಪಾಯ ಹಾಕುವ ದಿನ ಗೌಂಡಿ, ಮೋಜಣಿಯವರನ್ನು ಕರೆಸಿ ಅಳತೆ ಮಾಡಿಸಿಕೊಳ್ಳಿ ಎಂದ. ಅವಳು ನನ್ನ ಮುಖ ನೋಡಿದಳು.

"ವೈನಿ, ಕಲ್ಲು ಅಲ್ಲೇ ಹುಗದೀರಿ ಹೌದಲ್ಲರಿ?"

"ಅಲ್ಲೇ ಹುಗದೇನಿ. ಕೂದಲೆಳಿ ಹೆಚ್ಚಿಲ್ಲ, ಕಡಿಮಿಲ್ಲ."

ಎರಡು ಮಾತು ಹೇಳಬಹುದಿತ್ತು, ಮಳೆ ಬಂದಿತ್ತು, ಅಂದಾಜಿಗೆ ಹುಗಿದಿದ್ದೇನೆ ಎಂದು. ಗೌಂಡಿಯ ಮುಂದೆ ಹಗುರಾಗುವುದು ನನಗೆ ಬೇಕಾಗಿರಲಿಲ್ಲ. ಅವಳು ನನ್ನ ಮಾತಿನ ಮೇಲೆ ಪಾಯ ತೆಗೆಸಿದಳು.

ಆಮೇಲಿನ ನಾಲ್ಕು ವರ್ಷ ಚೆನ್ನಾಗಿದ್ದವು. ಅವಳ ಬಾಗಿಲು ನನ್ನ ಬಾಗಿಲಿಗೆ ನೇರ. ನೀರಿಗೆ ನಾವಿಬ್ಬರೂ ಜೋಡಿಯಾಗಿ ಮಾಲಕನ ಭಾವಿಗೆ ಹೋಗುತ್ತಿದ್ದೆವು. ಅವಳಿಗೆ ವಖಾರದ ಗಂಟೆ, ನನಗೆ ಗಂಡನ ಕಾರ್ಖಾನೆಯ ಡಬ್ಬಿ, ಇಬ್ಬರಿಗೂ ಬೆಳಿಗ್ಗೆ ಗಡಿಬಿಡಿ. ಮೊದಲು ಎದ್ದವಳು ಎದುರಿನ ಬಾಗಿಲಿಗೆ ಒಂದು ಹಳ್ಳು ಒಗೆದು ಎಬ್ಬಿಸುತ್ತಿದ್ದಳು. ಕಾಲೋನಿಗೆ ನಳ ಬಂದದ್ದು ಅವಳಿಂದ. ನಮ್ಮ ಗಂಡಸರು ಅರ್ಜಿ ಬರೆದು ಬರೆದು ಸಾಕಾಗಿದ್ದರು. ಅವಳು ಹನ್ನೊಂದು ಹೆಂಗಸರನ್ನು ಖಾಲಿ ಕೊಡದ ಸಮೇತ ಕಚೇರಿಗೆ ಕರೆದುಕೊಂಡು ಹೋಗಿ ಸಾಹೇಬನ ಮೇಜಿನ ಸುತ್ತ ಕೂಡಿಸಿದಳು.

"ಸಾಹೇಬ್ರ, ನಾವೇನ ಜಗಳಾಡಾಕ ಬಂದಿಲ್ಲ. ನಿಮ್ಮಲ್ಲೆ ನಳ ಐತಿ, ತುಂಬಕೊಂಡ ಹೋಗ್ತೀವಿ. ದಿನಾ ಬರತೀವಿ."

ಮೂರನೆಯ ದಿನಕ್ಕೆ ಪೈಪು ಬಂದು ಬಿದ್ದವು. ಈಗ ಕಮಾನಿನ ಮೇಲೆ ಕಾಲೋನಿ ಕಟ್ಟಿದವರ ಹೆಸರು ಕೆತ್ತಿಸಿದ್ದಾರೆ. ಒಂಬತ್ತು ಗಂಡಸರು. ಪೈಪು ತರಿಸಿದವಳ ಹೆಸರಿಲ್ಲ.

ನಳ ಬಂದ ವರ್ಷವೇ ಅವಳ ಮಗ್ಗುಲ ಪ್ಲಾಟಿನವನು ಬಂದ. ಸರಕಾರಿ ನೌಕರ, ಕೈಯಲ್ಲಿ ಬ್ಯಾಗು, ಮಾತಿಗೊಮ್ಮೆ ರೂಲ್ಸು. ಮನೆ ಕಟ್ಟುವ ಮೊದಲು ಮೋಜಣಿ ಮಾಡಿಸಿದ. ಸರಪಳಿ ಎಳೆದರು, ಗೂಟ ಹೊಡೆದರು. ಗೂಟ ಅವಳ ಅಡಿಗೆಮನೆಯ ಒಳಗೆ, ಒಲೆಯ ಪಕ್ಕಕ್ಕೆ ಬಂತು. ಅವಳ ಮಗ್ಗುಲ ಗೋಡೆ ಎರಡು ಮೊಳ ಅವನ ಜಾಗದಲ್ಲಿ ನಿಂತಿತ್ತು.

ಅವಳು ಓಡಿ ಬಂದು ನನ್ನ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಹಿಟ್ಟು ಹಾಗೇ ಇತ್ತು.

"ವೈನಿ, ನೀವ ಬಂದ ಹೇಳ್ರಿ. ಹಬ್ಬದಾಗ ಕಲ್ಲ ಕಿತ್ತಿದ್ರಿ, ತಪ್ಪಿ ಸರದಾವ ಅಂತ ಅಷ್ಟ ಹೇಳ್ರಿ. ಸಾಕು."

"ಹೇಳಿದ್ರಾತ ತಗೋ," ಎಂದೆ.

ಆಗ ಹೇಳುವ ಮನಸ್ಸೇ ಇತ್ತು. ಇತ್ತೋ ಇಲ್ಲವೋ... ಇತ್ತು ಅಂದುಕೊಳ್ಳುತ್ತೇನೆ.

ಸಂಜೆ ನಮ್ಮ ಕಟ್ಟೆಯ ಮೇಲೆ ಪಂಚರು ಕೂತರು. ಮಾಸ್ತರರು ಹಿರಿಯರು, ಅವರ ಮಾತೇ ಕಡೆ. ಆ ನೌಕರ ಕೆಟ್ಟವನೇನೂ ಅಲ್ಲ, ತನ್ನ ಮಾತನ್ನು ಸರಿಯಾಗಿಯೇ ಇಟ್ಟ. "ತಪ್ಪಿ ಆಗಿದ್ರ ಗೋಡಿ ಇರ್ಲಿ. ಮನಿ ಹಿಂದ ಅಷ್ಟ ಜಾಗಾ ನನಗ ಬಿಟ್ಟಕೊಡ್ಲಿ, ಸರಿಹೋತು. ಆದ್ರ ಬೇಕಂತ ಕಲ್ಲ ಸರಿಸಿ ಒತ್ತಿದ್ರ ಬಿಡೂದಿಲ್ಲ. ಇವತ್ತ ಎರಡ ಮೊಳ ಬಿಟ್ರ ನಾಳೆ ಎಲ್ಲಾರೂ ಒತ್ತತಾರ." ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಕಲ್ಲು ಯಾರು ಸರಿಸಿದರು ಎಂಬುದರ ಮೇಲೆ ಅವಳ ಗೋಡೆ ನಿಂತಿತ್ತು.

ಅವಳು ಹಬ್ಬದ ದಿನದ್ದನ್ನೆಲ್ಲ ಹೇಳಿದಳು. ಮಾಸ್ತರರು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮೊದಲು ಗಂಡ ಒಳಗೆ ಬಾ ಎಂದ. ಹೋದೆ.

"ಐದ ಕಲ್ಲ ಕಿತ್ತಿ. ಅದರಾಗ ಎರಡು ನಮ್ಮ ಮಗ್ಗಲವು. ನೀ ಹೂಂ ಅಂದ್ರ ನಾಳೆ ನಮ್ಮ ಮನೀನೂ ಅಳೀತಾರ. ಪಡಸಾಲಿ ಹೊರಗ ಬಂದಿದ್ರ ಏನ ಮಾಡ್ತಿ? ಒಡಸ್ತಿ?"

ಪಡಸಾಲೆ ಆಗಷ್ಟೇ ಮುಗಿದಿತ್ತು. ಅದರ ನೆಲಕ್ಕೆ ಶಹಾಬಾದ ಕಲ್ಲು ಹಾಸಿದ್ದೆವು, ನಾನೇ ನಿಂತು ಹಾಸಿಸಿದ್ದೆ. ಗಂಡನಿಗೆ ಹೆದರಿ ಸುಳ್ಳು ಹೇಳಿದೆ ಎಂದರೆ ಕೇಳುವವರು ಅಯ್ಯೋ ಪಾಪ ಅಂದಾರು. ಹಾಗಲ್ಲ. ಅವನು ಹೇಳಿದ್ದು ನನಗೆ ತಿಳಿಯಿತು, ನನಗೂ ಅದೇ ಬೇಕಾಗಿತ್ತು.

ಹೊರಗೆ ಬಂದು, "ನಾ ಯಾವ ಕಲ್ಲೂ ಕಿತ್ತಿಲ್ಲರಿ" ಎಂದೆ.

ನಾನು ಹಾಸ್ಯಕ್ಕೆ ಅಂದೆ, ಈಗ ತಿರುಗಿ ಸರಿ ಹೇಳುತ್ತೇನೆ ಎಂದು ಕಾಯುವ ಹಾಗೆ ಅವಳು ನನ್ನನ್ನೇ ನೋಡಿದಳು. ನಾನು ಸೆರಗು ಸರಿಮಾಡಿಕೊಂಡೆ.

"ವೈನಿ, ನೀವು ನನಗ ಕಡಬು ಕೊಟ್ಟೀರಿ."

"ಕೊಟ್ಟೇನಿ. ಕಡಬ ಕೊಟ್ರ ಕಲ್ಲ ಕಿತ್ತಂಗಾತೇನ?"

ಯಾರೋ ನಕ್ಕರು. ಹೌದು, ಆ ಮಾತಿಗೆ ಜನ ನಕ್ಕರು.

ಇಬ್ಬರು ಎರಡು ಮಾತು ಹೇಳುತ್ತಿದ್ದಾರೆ, ಸಾಕ್ಷಿ ಇಲ್ಲ. ಮಾಸ್ತರರು ಸ್ವಲ್ಪ ಹೊತ್ತು ಕೋಲಿನಿಂದ ನೆಲ ಕೆರೆದರು. ಆಮೇಲೆ, ಈ ಮನೆಯಲ್ಲಿ ಮಾಯಕ್ಕನ ಭಂಡಾರ ಇರಬೇಕಲ್ಲ, ತರ್ರಿ ಎಂದರು. ಚಿಂಚಲಿಯ ಮಾಯಕ್ಕ ನಮ್ಮ ಸೀಮೆಗೆಲ್ಲ ದೊಡ್ಡಾಕೆ. ಅವಳ ಭಂಡಾರ, ಅಂದರೆ ಅರಿಶಿನದ ಪುಡಿ, ಮುಟ್ಟಿ ಹೇಳಿದ ಮಾತನ್ನು ಯಾವ ಪಂಚರೂ ತಿರುಗಿ ಕೇಳುವುದಿಲ್ಲ. ಅತ್ತೆ ದೇವರ ಜಗಲಿಯಿಂದ ಬಟ್ಟಲು ತಂದು ನಡುವೆ ಇಟ್ಟಳು.

"ಇಬ್ಬರೂ ಮುಟ್ಟಿ ಹೇಳ್ರಿ. ಯಾರು ಮುಟ್ಟೂದಿಲ್ಲ, ಅವರದು ಸುಳ್ಳು," ಎಂದರು ಮಾಸ್ತರರು.

ಅವಳು ಬಟ್ಟಲು ನೋಡಿದಳು. ನಾನು ಅವಳ ಕೈ ನೋಡುತ್ತಿದ್ದೆ. ತಂಬಾಕಿನಿಂದ ಬೆರಳ ತುದಿ ಕಂದಾಗಿದ್ದವು. ಮುಟ್ಟಿಬಿಟ್ಟರೆ ಏನು ಗತಿ ಅಂದುಕೊಳ್ಳುತ್ತಿದ್ದೆ.

"ನಾ ದೇವರ ಆಣಿ ಮಾಡೂದಿಲ್ಲರಿ. ನಮ್ಮಪ್ಪ ದೇವರನ್ನ ಹೊಳಿಗೆ ಬಿಟ್ಟಾನ, ಅವನ ಮಾತ ನಾ ಮುರಿಯೂದಿಲ್ಲ. ನನ್ನ ಮಗಳ ತಲಿ ಮ್ಯಾಲೆ ಕೈ ಇಡ ಅಂತೀರೇನ, ಅದನ್ನೂ ಇಡೂದಿಲ್ಲ, ಕೂಸಿಂದೇನ ತಪ್ಪು? ನಾ ಹೇಳಿದ್ದು ಖರೆ. ಅಷ್ಟ."

"ಖರೆ ಇದ್ರ ಮುಟ್ಟಾಕ ಯಾಕ ಹೆದರಿಕಿ?" ಎಂದರು ಯಾರೋ.

"ನಂಬದ ದೇವರನ್ನ ಮುಟ್ಟಿ ಹೇಳಿದ್ರ ಆವಾಗ ನಾ ಸುಳ್ಳಿ ಆಗ್ತೀನರಿ."

ಆ ಮಾತು ಯಾರಿಗೂ ತಲೆಗೆ ಹೋಗಲಿಲ್ಲ. ನನಗೆ ಹೋಯಿತು. ನಾನು ಕೈ ನೀಡಿ ಭಂಡಾರ ಮುಟ್ಟಿದೆ. ಹಣೆಗೂ ಹಚ್ಚಿಕೊಂಡೆ. ಬರೀ ಮುಟ್ಟಿದ್ದರೆ ಸಾಕಾಗಿತ್ತು, ಹಣೆಗೆ ಹಚ್ಚಿಕೊಳ್ಳುವುದನ್ನು ಯಾರೂ ಹೇಳಿರಲಿಲ್ಲ.

ಅವಳು ಎದ್ದು ಮನೆಗೆ ಹೋದಳು. ಪಂಚರು ಇನ್ನೂ ಕೂತಿದ್ದರು, ಚಹಾ ಬರುವುದಿತ್ತು.

ಎಂಟು ದಿನಕ್ಕೆ ಗೋಡೆ ಬಿತ್ತು. ಒಡೆಯುವ ಆಳುಗಳಿಗೆ ಅವಳು ಕೈ ಹಚ್ಚಗೊಡಲಿಲ್ಲ. ವಖಾರಕ್ಕೆ ರಜೆ ಹಾಕಿ, ತಾನೇ ಉಳಿ ಸುತ್ತಿಗೆ ಹಿಡಿದು, ಒಂದೊಂದೇ ಇಟ್ಟಂಗಿ ಬಿಡಿಸಿ, ಸಿಮೆಂಟು ಕೆರೆದು, ಅಂಗಳದಲ್ಲಿ ಒಟ್ಟಿದಳು. ಮಗಳು ಶಾಲೆಯಿಂದ ಬಂದು ಜೊತೆಗೆ ಕೂತಳು. ಮೂರು ದಿನ ಆ ಸದ್ದು ಕೇಳಿದೆ. ಎರಡು ಮೊಳ ಹೋದ ಮೇಲೆ ಅಡಿಗೆಮನೆ ಅಂತ ಉಳಿಯಲಿಲ್ಲ. ಒಲೆ, ಹಾಸಿಗೆ, ಮಗಳ ಪುಸ್ತಕ ಎಲ್ಲ ಒಂದೇ ಖೋಲಿಗೆ ಬಂದವು.

ಬಿಡಿಸಿದ ಇಟ್ಟಂಗಿಯಿಂದ ಅವಳು ಹೊಸ ಗೋಡೆ ಕಟ್ಟಿಸಿದಳು. ಮಿಕ್ಕವುಗಳಿಂದ ಮುಂದಿನ ಬಾಗಿಲು ಮುಚ್ಚಿಸಿದಳು. ನನ್ನ ಬಾಗಿಲಿಗೆ ನೇರವಾಗಿದ್ದ ಬಾಗಿಲು ಅದು. ಹಿಂದೆ ಒಂದು ಕಾಲುದಾರಿ ಇತ್ತು, ಬಾಗಿಲು ಆ ಕಡೆಗೆ ಹೋಯಿತು. ಮುಚ್ಚಿದ ಜಾಗಕ್ಕೆ ಗಿಲಾವು ಮಾಡಿಸಲಿಲ್ಲ. ನಾನು ದಿನಾ ಬೆಳಿಗ್ಗೆ ರಂಗೋಲಿ ಹಾಕಲು ಹೊರಗೆ ಬಂದರೆ ಎದುರಿಗೆ ಆ ಇಟ್ಟಂಗಿ, ಬಾಗಿಲಿನ ಆಕಾರದಲ್ಲಿಯೇ.

ಬಾಗಿಲು ಮುಚ್ಚಿಸಿದ ದಿನ ನಳದ ಹತ್ತಿರ ಸಿಕ್ಕಳು. ನಾನು ಕೊಡ ಹಿಂದೆ ತೆಗೆದುಕೊಂಡೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಬೈದುಬಿಡುತ್ತಿದ್ದೆ, ಬೈಗುಳದಲ್ಲಿ ನಾನು ಕಡಿಮೆಯವಳಲ್ಲ. ಅವಳು ತನ್ನ ಕೊಡ ತುಂಬುವುದನ್ನೇ ನೋಡುತ್ತ ಹೇಳಿದಳು:

"ನಿನ್ನ ದೇವರಿಗೆ ನಾ ಹೆದರಾಕಿ ಅಲ್ಲ. ನೀನರ ಹೆದರಬೇಕಿತ್ತು."

ಅಲ್ಲಿಯತನಕ ನನಗೆ ರೀ ಹಚ್ಚದೆ ಮಾತಾಡಿದವಳಲ್ಲ. ಕೊಡ ಎತ್ತಿಕೊಂಡು ಹೋದಳು. ಅದೇ ಕಡೆಯ ಮಾತು. ಆಮೇಲೆ ಏಳು ವರ್ಷ ಅದೇ ಓಣಿಯಲ್ಲಿ ಇದ್ದಳು, ಅದೇ ನಳಕ್ಕೆ ಬಂದಳು, ನನ್ನ ಸರದಿ ಇದ್ದಾಗ ಸರಿದು ನಿಂತಳು. ಜಗಳ ಇಲ್ಲ, ಮಾತೂ ಇಲ್ಲ. ಓಣಿಯವರು ಅವಳಿಗೆ ಕಲ್ಲು ಸರಿಸಿದಾಕೆ ಎಂದು ಹೆಸರಿಟ್ಟರು. ಹೊಸದಾಗಿ ಬಂದವರಿಗೂ ಅದೇ ಗುರುತು. "ಆಕಿ ಕಡೆ ಹುಷಾರಿರ್ರಿ, ಹದ್ದ ಒತ್ತಾಕಿ" ಎಂದು ನನ್ನೆದುರಿಗೇ ಹೇಳುತ್ತಿದ್ದರು. ನಾನು ಹಾಗಲ್ಲ ಎಂದು ಒಮ್ಮೆಯೂ ಅನ್ನಲಿಲ್ಲ.

ನಾನು ದೇವಿಯ ಶಿಕ್ಷೆಗೆ ಕಾದೆ. ಖರೆ ಹೇಳುತ್ತೇನೆ, ಕಾದೆ. ಮಗನಿಗೆ ಜ್ವರ ಬಂದರೆ ಇದೇ ಇರಬೇಕು ಅಂದುಕೊಂಡೆ, ಎರಡು ದಿನಕ್ಕೆ ಇಳಿಯಿತು. ಎಮ್ಮೆ ಕಂದು ಹಾಕಿತು, ಮರುವರ್ಷ ಚೆನ್ನಾಗಿ ಈಯಿತು. ಗಂಡನಿಗೆ ಬಡ್ತಿ ಸಿಕ್ಕಿತು. ಮಕ್ಕಳಿಬ್ಬರೂ ನೌಕರಿ ಹಿಡಿದರು. ಮನೆಯ ಮೇಲೆ ಮನೆ ಎದ್ದಿತು. ವರ್ಷಾ ವರ್ಷಾ ಚಿಂಚಲಿಗೆ ಹೋಗಿ ಉಡಿ ತುಂಬಿ ಬರುತ್ತಿದ್ದೇನೆ. ಏನೂ ಆಗಲಿಲ್ಲ ನನಗೆ. ಆಗಿದ್ದರೆ ಅಲ್ಲಿಗೆ ಲೆಕ್ಕ ಮುಗಿಯುತ್ತಿತ್ತು.

ಮಗಳ ಲಗ್ನವಾದ ಮೇಲೆ ಅವಳು ಖೋಲಿ ಮಾರಿ ಇಚಲಕರಂಜಿಗೆ ಮಗಳ ಮನೆಗೆ ಹೋದಳು. ಹೋಗುವ ದಿನ ನಾನು ಹಿತ್ತಲಲ್ಲಿ ಇದ್ದೆ, ಬೇಕೆಂದೇ. ತಂಬಾಕಿನ ಧೂಳು ಎದೆಯಲ್ಲಿ ಕೂತಿತ್ತಂತೆ, ಕೆಮ್ಮಿ ಕೆಮ್ಮಿ ಸತ್ತಳಂತೆ. ಕಾಯಿಪಲ್ಯ ಮಾರುವವಳು ಬದನೆಕಾಯಿ ತೂಗುತ್ತ ಹೇಳಿದಳು. ಆಗಲೇ ಹತ್ತು ದಿನ ಆಗಿ ಹೋಗಿತ್ತು. ಅವಳ ಖೋಲಿ ಇದ್ದ ಜಾಗದಲ್ಲಿ ಈಗ ಬಣ್ಣದ ಗಾಜಿನ ಮನೆ ಇದೆ. ಆ ಇಟ್ಟಂಗಿ ಯಾವ ಟ್ರಾಕ್ಟರಿನಲ್ಲಿ ಎಲ್ಲಿಗೆ ಹೋದವೋ...

ಹೋದ ವಾರ ಸೊಸೆ ಮೂರನೆಯ ಸಲ ಕಿಟಕಿ ಮುಚ್ಚಿದ ಮೇಲೆ ನಾನು ಚಪ್ಪಲಿ ಹಾಕಿಕೊಂಡು ಮಾಸ್ತರರ ಮನೆಗೆ ಹೋದೆ. ಆ ಪಂಚರಲ್ಲಿ ಈಗ ಉಳಿದಿರುವವರು ಅವರೊಬ್ಬರೇ. ನನ್ನ ಗಂಡನೂ ಇಲ್ಲ, ಆ ನೌಕರನೂ ಇಲ್ಲ. ಇವರೂ ಹೋದರೆ ನಾನು ಹೇಳುವುದನ್ನು ಕೇಳಿಸಿಕೊಳ್ಳುವವರೇ ಇರುವುದಿಲ್ಲ. ಮಾಸ್ತರರಿಗೆ ಕಣ್ಣು ಮಂದ, ಕಿವಿ ನೆಟ್ಟಗಿದೆ. ಬಿಸಿಲಿಗೆ ಖುರ್ಚಿ ಹಾಕಿಕೊಂಡು ಬಶಿಯಲ್ಲಿ ಚಹಾ ಆರಿಸುತ್ತಿದ್ದರು. ನನಗೂ ಒಂದು ಕಪ್ಪು ಬಂತು.

"ಮಾಸ್ತರ, ಹುಣ್ಣಿವಿ ದಿನ ಆ ಕಲ್ಲ ಕಿತ್ತಾಕಿ ನಾನ. ಭಂಡಾರ ಮುಟ್ಟಿ ಸುಳ್ಳ ಹೇಳೇನಿ. ಆಕಿ ಹೇಳಿದ್ದ ಖರೆ ಇತ್ತು."

ಒಂದೇ ಉಸಿರಿಗೆ ಹೇಳಿದೆ. ಅವರು ಬೈಯಬಹುದು, ಕೈ ಮುಗಿಯಬಹುದು, ಅಯ್ಯೋ ಎನ್ನಬಹುದು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅವರು ಬಶಿಯ ಚಹಾ ಪೂರ್ತಿ ಕುಡಿದು ಕೆಳಗಿಟ್ಟರು.

"ಗೊತ್ತೈತಿ ತಂಗೆವ್ವ."

"ಯಾವಾಗಿಂದ?"

"ಅವತ್ತಿಂದ. ಸಂಜಿಮುಂದ ಮಳ್ಯಾಗ ನಾ ಸೈಕಲ್ ನೂಕ್ಕೋಂತ ಬರಾಕತ್ತಿದ್ದೆ. ನೀ ಗೋಣಿಚೀಲ ಹೊತಗೊಂಡ ಕೆಸರಾಗ ಕಲ್ಲ ಹುಗಿಯಾಕತ್ತಿದ್ದಿ. ಅಲ್ಲಲ್ಲಬೇ, ಈಚೆ ಕಡೆ ಅಂತ ಒದರಬೇಕಂದೆ. ಮಳಿ ಜೋರಾತು. ಬಂದಬಿಟ್ಟೆ."

ಅಷ್ಟು ವರ್ಷ ನಾನೊಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದೆ.

"ನಿಮಗ ಗೊತ್ತಿದ್ರ ಭಂಡಾರ ಯಾಕ ತರಸಿದ್ರಿ?"

"ಆಕಿ ಮುಟ್ಟೂದಿಲ್ಲ ಅಂತ ಗೊತ್ತಿತ್ತಲಾ, ಅದಕ್ಕ."

ಅದನ್ನು ಅವರು ಶಾಲೆಯಲ್ಲಿ ಮಗ್ಗಿ ಹೇಳಿಕೊಡುವ ದನಿಯಲ್ಲಿ ಹೇಳಿದರು. ಆ ನೌಕರ ಲೈಟಿನ ಕಂಬ ಹಾಕಿಸಿಕೊಡುವುದಾಗಿ ಹೇಳಿದ್ದನಂತೆ. ಅವನ ಮನಸ್ಸು ಮುರಿಯುವುದು ಪಂಚರಲ್ಲಿ ಯಾರಿಗೂ ಬೇಕಾಗಿರಲಿಲ್ಲವಂತೆ. ನೀನು ಕಿತ್ತದ್ದು ಎಂದು ಹೇಳಿದರೆ ಮೊದಲ ಮನೆಯವರ ಮಾನ ಹೋಗುತ್ತಿತ್ತು, ನಿನ್ನ ಗಂಡ ನಮ್ಮವನು ಎಂದರು. ಅವಳು ಯಾರವಳು ಎಂದು ನಾನು ಕೇಳಲಿಲ್ಲ.

"ಉಳದವರಿಗೂ ಗೊತ್ತಿತ್ತೇನ್ರಿ?"

"ಎಲ್ಲಾರಿಗೂ ಗೊತ್ತಿತ್ತು. ಜಾಊ ದ್ಯಾ, ಬಿಟ್ಟಬಿಡು ತಂಗೆವ್ವ, ಹಳೀ ಮಾತು. ಚಾ ಆರತೈತಿ ನೋಡು."

ನಾನು ಚಹಾ ಕುಡಿದೇ ಬಂದೆ.

ಅವಳ ಮಗಳನ್ನು ಹುಡುಕಿಸಬೇಕೆಂದು ನಾಲ್ಕು ದಿನದಿಂದ ಅವರಿವರನ್ನು ಕೇಳುತ್ತಿದ್ದೇನೆ. ಇಚಲಕರಂಜಿಯಲ್ಲಿದ್ದಾಳೆ ಅನ್ನುತ್ತಾರೆ ಒಬ್ಬರು, ಪುಣೆಗೆ ಹೋದಳು ಅನ್ನುತ್ತಾರೆ ಇನ್ನೊಬ್ಬರು. ಫೋನ್ ನಂಬರು ಯಾರ ಹತ್ತಿರವೂ ಇಲ್ಲ. ಸಿಕ್ಕರೂ ಏನೆಂದು ಹೇಳಲಿ? ನಿಮ್ಮವ್ವ ಖರೆ ಹೇಳಿದ್ದಳು ಎಂದೇ? ಅದು ಅವಳಿಗೆ ಗೊತ್ತು, ಅವ್ವನ ಜೊತೆ ಕೂತು ಇಟ್ಟಂಗಿ ಕೆರೆದವಳು ಅವಳು. ಗೊತ್ತಿಲ್ಲದವರು ಈ ಕಾಲೋನಿಯಲ್ಲಿ ಆ ಹೊತ್ತು ಒಬ್ಬರೂ ಇರಲಿಲ್ಲವಂತೆ.